ಡಾಕ್ಟ್ರಲ್ಲಿ ಕೇಳಿ: ತೋಳಿಗೆ ಹಾಕುವ ಕಡ್ಡಿಯ ಬಗ್ಗೆ

ಕಾಪರ್-ಟಿ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ, ಈಗ ಗರ್ಭ ತಡೆಯಲು ತೋಳಿಗೆ ಹಾಕುವ ಇಂಪ್ಲಾಂಟ್ ಎಂಬ ಕಡ್ಡಿ ಕೂಡ ಉಂಟು ಎಂದು. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬಗ್ಗೆಯೇ. ಉಡುಪಿಯ ನನ್ನ ಕ್ಲಿನಿಕ್ಕಿಗೆ ಬರುವವರೂ ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಾರೆ. "ಇಲ್ಲಿ ಹಾಕುವುದಂತೆ, ಹೌದಾ ಡಾಕ್ಟ್ರೇ?" ಎನ್ನುತ್ತಾರೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ.

ಗರ್ಭ ತಡೆಯುವ ಕೆಲಸದಲ್ಲಿ ಈ ಕಡ್ಡಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ನಮ್ಮ ಮೇಲೆ, ಅಂದರೆ ಹಾಕುವವರ ಮೇಲೆ. ಹಾಕುವ ಮೊದಲು ಎಷ್ಟು ಹೇಳಬೇಕೋ ಅಷ್ಟು ಹೇಳುವುದಿಲ್ಲ. ಕೆಳಗಿನ ಪತ್ರಗಳನ್ನು ಓದಿದರೆ ನಿಮಗೇ ಗೊತ್ತಾಗುತ್ತದೆ.

ನನಗೆ 27 ವರ್ಷ. ಮಗುವಿಗೆ ಎಂಟು ತಿಂಗಳು, ಇನ್ನೂ ಹಾಲು ಕುಡಿಸುತ್ತಿದ್ದೇನೆ, ಮುಟ್ಟು ಬಂದಿಲ್ಲ. ಗಂಡ ದುಬೈಯಲ್ಲಿ, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ. ಮುಂದಿನ ಮೇ ತಿಂಗಳಿಗೆ ಬರುವವರಿದ್ದಾರೆ. ಮಾತ್ರೆ ದಿನಾ ನುಂಗಲು ನೆನಪಿರುವುದಿಲ್ಲ. ಇಂಪ್ಲಾಂಟ್ ಹಾಕಿಸಿದರೆ ನಂಬಬಹುದಾ? ಹಾಲು ಕಡಿಮೆಯಾಗುತ್ತದಾ?
— ಹೆಸರು ಬೇಡ, ಕಾಪು

ನಂಬಬಹುದು. ನನ್ನ ಮೇಜಿನ ಡ್ರಾಯರಿನಲ್ಲಿ ಅವಧಿ ಮುಗಿದ, ಯಾರಿಗೂ ಹಾಕದ ಒಂದು ಕಡ್ಡಿ ಇಟ್ಟುಕೊಂಡಿದ್ದೇನೆ. ಕೇಳಿದವರ ಕೈಯಲ್ಲಿ ಅದನ್ನೇ ಇಡುತ್ತೇನೆ. ಬೆಂಕಿಕಡ್ಡಿಯಷ್ಟೇ ಉದ್ದ, ಸರಿಯಾಗಿ 4 ಸೆಂಟಿಮೀಟರ್. ದಪ್ಪ 2 ಮಿಲಿಮೀಟರ್. ಬಿಳಿ ಬಣ್ಣ, ಬಗ್ಗಿಸಿದರೆ ಬಗ್ಗುತ್ತದೆ. "ಇಷ್ಟೆಯಾ!" ಎನ್ನದವರನ್ನು ನಾನು ನೋಡಿಲ್ಲ.

ಅದರೊಳಗೆ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುತ್ತದೆ. ದಿನಕ್ಕಿಷ್ಟು ಎಂದು ತುಸು ತುಸುವೇ ರಕ್ತಕ್ಕೆ ಇಳಿಯುತ್ತದೆ. ತಿಂಗಳು ತಿಂಗಳು ಅಂಡ ಬಿಡುಗಡೆಯಾಗುವುದನ್ನು ತಡೆಯುವುದು ಅದರ ಮುಖ್ಯ ಕೆಲಸ. ಜೊತೆಗೆ ಗರ್ಭಕೋಶದ ಬಾಯಿಯ ಲೋಳೆಯನ್ನು ಮಂದ ಮಾಡುತ್ತದೆ, ವೀರ್ಯಾಣು ಒಳಗೆ ಹೋಗಲು ಕಷ್ಟವಾಗುತ್ತದೆ. ಒಮ್ಮೆ ಹಾಕಿದರೆ ಮೂರು ವರ್ಷ.

ಲೆಕ್ಕ ಹೇಳುತ್ತೇನೆ, ಅಮೆರಿಕದ್ದು. ಒಂದು ಸಾವಿರ ಹೆಂಗಸರು ಒಂದು ವರ್ಷ ಬಳಸಿದರೆ ಇಂಪ್ಲಾಂಟಿನಲ್ಲಿ ಗರ್ಭ ನಿಲ್ಲುವುದು ಒಬ್ಬರಿಗೆ. ಕಾಪರ್-ಟಿಯಲ್ಲಿ 8 ಮಂದಿಗೆ. ಮೂರು ತಿಂಗಳಿಗೊಮ್ಮೆಯ ಇಂಜೆಕ್ಷನ್ನಿನಲ್ಲಿ 40, ಮಾತ್ರೆಯಲ್ಲಿ 70, ಕಾಂಡೋಮಿನಲ್ಲಿ 130. ಹೆಂಗಸರ ಆಪರೇಷನ್ನಿನಲ್ಲೂ 5 ಮಂದಿಗೆ ನಿಲ್ಲುತ್ತದೆ! ಮಾತ್ರೆಯ ಲೆಕ್ಕ ಯಾಕೆ ಅಷ್ಟು ಹೆಚ್ಚು ಎಂದರೆ ಮಾತ್ರೆ ಕೆಟ್ಟದೆಂದಲ್ಲ. ನಿಮ್ಮ ಹಾಗೆ ಎಲ್ಲರೂ ಮರೆಯುತ್ತಾರೆ. ಕಡ್ಡಿಯಲ್ಲಿ ಮರೆಯಲು ಏನೂ ಇಲ್ಲ.

ಹಾಲಿನ ಬಗ್ಗೆ ಹೆದರಬೇಡಿ. ಇದರಲ್ಲಿ ಈಸ್ಟ್ರೋಜನ್ ಇಲ್ಲ. ಹಾಲು ಕಡಿಮೆಯಾಗುವುದಿಲ್ಲ, ಮಗುವಿನ ಬೆಳವಣಿಗೆಗೂ ತೊಂದರೆಯಿಲ್ಲ. ನಿಮಗೆ ಮುಟ್ಟು ಬಾರದ ಕಾರಣ ಮೊದಲು ಗರ್ಭ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ಆಮೇಲೆ ಹಾಕಬೇಕು. ಹಾಗೆ ಹಾಕಿದಾಗ ಮೊದಲ ಏಳು ದಿನ ಬೇರೆ ರಕ್ಷಣೆ ಬೇಕು. ಮುಟ್ಟಿನ ಮೊದಲ ಐದು ದಿನಗಳೊಳಗೆ ಹಾಕಿಸಿಕೊಂಡವರಿಗೆ ಆ ಏಳು ದಿನವೂ ಬೇಡ.

ಈಗ ನೀವು ಕೇಳದ ಪ್ರಶ್ನೆ. ವರ್ಷದಲ್ಲಿ ಕೆಲವೇ ವಾರಗಳ ರಜೆಗಾಗಿ ಮೂರು ವರ್ಷದ ಹಾರ್ಮೋನ್ ಬೇಕಾ? ನಮ್ಮ ಕರಾವಳಿಯಲ್ಲಿ ಗಲ್ಫ್ ಮನೆಗಳು ಎಷ್ಟಿಲ್ಲ, ಹಾಗಾಗಿ ಇದು ನನಗೆ ದಿನನಿತ್ಯದ ಪ್ರಶ್ನೆ. ಗಂಡ ಕಾಂಡೋಮ್ ಬಳಸಲು ತಯಾರಿದ್ದರೆ ಅದೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅದು ಲೈಂಗಿಕ ರೋಗಗಳನ್ನೂ ತಡೆಯುತ್ತದೆ, ಕಡ್ಡಿ ಅದನ್ನು ತಡೆಯುವುದಿಲ್ಲ. ತಯಾರಿಲ್ಲ ಎಂದಾದರೆ, ಅಥವಾ ಅವರನ್ನು ನಂಬಿ ಕೂರುವುದು ನಿಮಗೆ ಬೇಡವೆಂದಾದರೆ, ಕಡ್ಡಿ ಒಳ್ಳೆಯದೇ. ಆದರೆ ವಿಮಾನ ಇಳಿಯುವ ಹಿಂದಿನ ವಾರ ಓಡಿಬರಬೇಡಿ. ಮೂರು ನಾಲ್ಕು ತಿಂಗಳು ಮೊದಲೇ ಹಾಕಿಸಿ. ರಕ್ತಸ್ರಾವ ನಿಮ್ಮ ದೇಹದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಅಷ್ಟರಲ್ಲಿ ಗೊತ್ತಾಗುತ್ತದೆ. ಅದು ಯಾಕೆ ಮುಖ್ಯ ಎಂದು ಮುಂದಿನ ಪತ್ರ ಓದಿ.

ಕಡ್ಡಿ ಹಾಕಿಸಿ ನಾಲ್ಕು ತಿಂಗಳಾಯಿತು. ಮೊದಲ ತಿಂಗಳು ಎಂತದೂ ಇಲ್ಲ. ಆಮೇಲೆ ಶುರುವಾದದ್ದು ನಿಲ್ಲುವುದೇ ಇಲ್ಲ. ಜಾಸ್ತಿ ಹೋಗುವುದಿಲ್ಲ, ಕಲೆ ಕಲೆ ಅಷ್ಟೆ. ಎರಡು ದಿನ ಬಿಟ್ಟರೆ ಮತ್ತೆ ಬರುತ್ತದೆ. ದೇವರ ಕೋಣೆಗೆ ಹೋಗುವ ಹಾಗಿಲ್ಲ. ಮುಂದಿನ ತಿಂಗಳು ಕುಟುಂಬದ ಮನೆಯಲ್ಲಿ ನಾಗತಂಬಿಲ ಪೂಜೆ ಉಂಟು, ಅತ್ತೆ ದಿನ ಲೆಕ್ಕ ಹಾಕುತ್ತಿದ್ದಾರೆ. ಹಾಕುವಾಗ "ಸ್ವಲ್ಪ ಏರುಪೇರಾಗಬಹುದು" ಎಂದಷ್ಟೇ ಹೇಳಿದ್ದರು. ತೆಗೆಸಿಬಿಡಲಾ?
— ಶಾಲಾ ಶಿಕ್ಷಕಿ, 31 ವರ್ಷ, ಬ್ರಹ್ಮಾವರ

"ಸ್ವಲ್ಪ ಏರುಪೇರು!" ಈ ಮಾತು ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಈ ಕಡ್ಡಿ ಹಾಕಿಸಿದವರಲ್ಲಿ ಮುಟ್ಟು ಮೊದಲಿನ ಹಾಗೆಯೇ ಇರುವವರು ಕಡಿಮೆ. ಅದು ಬದಲಾಗುತ್ತದೆ. ಯಾವ ಕಡೆಗೆ ಎಂದು ಮೊದಲೇ ಹೇಳಲು ಯಾವ ಡಾಕ್ಟರಿಂದಲೂ ಆಗುವುದಿಲ್ಲ.

ಕಡ್ಡಿ ತಯಾರಿಸುವ ಕಂಪನಿಯ ಪರೀಕ್ಷೆಗಳಲ್ಲಿ ಕಂಡದ್ದು ಹೀಗೆ. ಮೂರು ತಿಂಗಳ ಒಂದೊಂದು ಅವಧಿ ತೆಗೆದುಕೊಂಡು ನೋಡಿದರೆ ಐದರಲ್ಲಿ ಒಬ್ಬರಿಗೆ ಮುಟ್ಟು ಪೂರ್ತಿ ನಿಂತಿತ್ತು. ಮೂರರಲ್ಲಿ ಒಬ್ಬರಿಗೆ ಅಪರೂಪಕ್ಕೆ ಬರುತ್ತಿತ್ತು. ಇವರೆಲ್ಲ ಖುಷಿಯಲ್ಲಿರುತ್ತಾರೆ, ಪತ್ರ ಬರೆಯುವುದಿಲ್ಲ. ಆದರೆ ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ ಮಂದಿಗೆ ಬಂದದ್ದು ಎರಡು ವಾರ ದಾಟಿಯೂ ನಿಲ್ಲುತ್ತಿರಲಿಲ್ಲ. ನೂರರಲ್ಲಿ ಆರೇಳು ಮಂದಿಗೆ ಪದೇ ಪದೇ ಬರುತ್ತಿತ್ತು. ಬರೀ ಈ ರಕ್ತದ ಕಾರಣಕ್ಕೇ ನೂರರಲ್ಲಿ 11 ಮಂದಿ ಕಡ್ಡಿ ತೆಗೆಸಿಕೊಂಡರು. ನೀವು ಒಬ್ಬರೇ ಅಲ್ಲ.

ಯಾಕೆ ಹೀಗೆ? ಹಾರ್ಮೋನಿನಿಂದ ಗರ್ಭಕೋಶದ ಒಳಪದರ ತೆಳುವಾಗುತ್ತದೆ. ತೆಳುವಾದ ಪದರದ ಸಣ್ಣ ರಕ್ತನಾಳಗಳು ನಾಜೂಕು, ಅಲ್ಲಲ್ಲಿ ಒಡೆದು ಜಿನುಗುತ್ತವೆ. ಕೆಟ್ಟ ರಕ್ತ ಒಳಗೆ ಕಟ್ಟಿಕೊಂಡಿದೆ ಎಂದೋ, ಗರ್ಭಕೋಶ ಹಾಳಾಗಿದೆ ಎಂದೋ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮುಟ್ಟು ನಿಂತವರಿಗೂ ಇದೇ ಮಾತು. ಪದರ ಬೆಳೆದಿಲ್ಲ, ಹಾಗಾಗಿ ಹೋಗಲು ಒಳಗೆ ಏನೂ ಇಲ್ಲ.

ಈಗ ನೀವು ಮಾಡಬೇಕಾದ್ದು. ಕಡ್ಡಿಯ ತಲೆಗೆ ಎಲ್ಲವನ್ನೂ ಕಟ್ಟುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ. ಗರ್ಭ ಇಲ್ಲ, ಸೋಂಕು ಇಲ್ಲ, ಗರ್ಭಕೋಶದ ಬಾಯಿಯಲ್ಲಿ ಬೇರೆ ತೊಂದರೆ ಇಲ್ಲ ಎಂದು ನೋಡಬೇಕು. ಹಿಮೋಗ್ಲೋಬಿನ್ ನೋಡಿಸಿ. ಕಲೆ ಕಲೆಯಾಗಿ ಹೋದರೂ ತಿಂಗಳುಗಟ್ಟಲೆ ಹೋದರೆ ಅದೂ ಲೆಕ್ಕಕ್ಕೆ ಬರುತ್ತದೆ. ಎಲ್ಲ ಸರಿ ಇದ್ದರೆ ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಯನ್ನು ಐದರಿಂದ ಏಳು ದಿನ ಕೊಡುತ್ತೇವೆ. ಅದಕ್ಕೆ ಬಗ್ಗದಿದ್ದರೆ, ಬಿಪಿ, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಕಣ್ಣಿಗೆ ಮಿಂಚು ಕಂಡು ಬರುವ ಮೈಗ್ರೇನ್ ಇಲ್ಲದವರಿಗೆ ಕೆಲವು ವಾರ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕೊಡುವುದುಂಟು. ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಸಾಮಾನ್ಯವಾಗಿ ನಿಲ್ಲುತ್ತದೆ. ಬಿಟ್ಟ ಮೇಲೆ ಮತ್ತೆ ಬರಬಹುದು, ಅದನ್ನೂ ಹೇಳಿಬಿಡುತ್ತೇನೆ. ತಂಬಿಲದ ದಿನ ಯಾವುದೆಂದು ನಿಮ್ಮ ಡಾಕ್ಟರಿಗೆ ನಾಚಿಕೆಯಿಲ್ಲದೆ ಹೇಳಿ. ನಮ್ಮೂರಿನ ಡಾಕ್ಟರುಗಳಿಗೆ ಕೋಲ, ತಂಬಿಲ, ಆಯನದ ಕ್ಯಾಲೆಂಡರ್ ಬಾಯಿಪಾಠ. ಆದರೆ ಮೆಡಿಕಲ್ಲಿನಿಂದ ಮುಟ್ಟು ಮುಂದೂಡುವ ಮಾತ್ರೆ ತಂದು ನೀವೇ ನುಂಗಬೇಡಿ. ಅದು ಮಾಮೂಲಿ ಮುಟ್ಟಿನ ಲೆಕ್ಕಕ್ಕೆ ಮಾಡಿದ್ದು. ಕಡ್ಡಿ ಇರುವಾಗ ಆ ಲೆಕ್ಕ ನಡೆಯುವುದಿಲ್ಲ.

ಅತ್ತೆಯವರಿಗೆ ಏನು ಹೇಳುವುದು? ಅಂಡ ಬಿಡುಗಡೆಯಾಗಿ ತಿಂಗಳಿಗೆ ಬರುವ ಮುಟ್ಟು ಇದಲ್ಲ, ಔಷಧಿಯಿಂದ ಜಿನುಗುವ ರಕ್ತ ಎಂದು ನಾನು ವೈದ್ಯೆಯಾಗಿ ಹೇಳಬಲ್ಲೆ. ಅದರ ಮೇಲೆ ನಿಮ್ಮ ಮನೆಯ ಕ್ರಮ ನಿಮ್ಮ ಮನೆಯದ್ದು. ಒಂದು ಮಾತ್ರ ನೋಡಿದ್ದೇನೆ. ಹಾಕುವ ಮೊದಲು ಸೊಸೆಯ ಜೊತೆ ಅತ್ತೆಯೂ ಬಂದು ಕೂತು ಕೇಳಿಸಿಕೊಂಡ ಮನೆಗಳಲ್ಲಿ ಈ ಜಗಳ ಕಡಿಮೆ.

ತೆಗೆಸುವ ವಿಷಯ. ಮೊದಲ ಮೂರು ತಿಂಗಳು ಹೇಗಿತ್ತೋ ಮುಂದೆಯೂ ಸುಮಾರಾಗಿ ಹಾಗೆಯೇ ಎನ್ನುವುದು ಸಾಮಾನ್ಯ ಅನುಭವ. ಆದರೆ ಶುರುವಿನಲ್ಲಿ ಕಿರಿಕಿರಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಮೇಲೆ ಸುಧಾರಿಸುತ್ತದೆ. ಚಿಕಿತ್ಸೆ ಮಾಡಿ ಇನ್ನೆರಡು ತಿಂಗಳು ನೋಡಿ ಎಂದು ನಾನು ಹೇಳಿಯೇನು. ನಿಮಗೆ ಸಾಕಾಗಿದೆ ಎಂದರೆ ಇವತ್ತೇ ತೆಗೆಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ಜ್ವರ ಬಂದು ಕೆಟ್ಟ ವಾಸನೆ ಇದ್ದರೆ, ಕೆಳಹೊಟ್ಟೆಯಲ್ಲಿ ಒಂದೇ ಬದಿಗೆ ಜೋರು ನೋವು ಬಂದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ದಪ್ಪ ಆಗ್ತಾರಂತೆ, ಮೊಡವೆ ಬರ್ತದಂತೆ, ಹೌದಾ? ಆರು ತಿಂಗಳಲ್ಲಿ ಮದುವೆ. ಎರಡು ವರ್ಷ ಮಕ್ಕಳು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.
— 24 ವರ್ಷ, ಬಜ್ಪೆ

ಮಾತಾಡಿಕೊಂಡದ್ದು ಬಹಳ ಒಳ್ಳೆಯದಾಯಿತು. ಪರೀಕ್ಷೆಗಳಲ್ಲಿ ಮೊದಲ ವರ್ಷದ ಕೊನೆಗೆ ಸರಾಸರಿ ಒಂದೂಕಾಲು ಕಿಲೋ, ಎರಡು ವರ್ಷಕ್ಕೆ ಒಂದೂಮುಕ್ಕಾಲು ಕಿಲೋ ಏರಿತ್ತು. ಅದರಲ್ಲಿ ಕಡ್ಡಿಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಮದುವೆಯಾದ ಹೊಸದರಲ್ಲಿ ನೆಂಟರ ಮನೆಗಳ ಕೋರಿರೊಟ್ಟಿ, ನೀರುದೋಸೆಯ ಲೆಕ್ಕವನ್ನು ಯಾವ ಪರೀಕ್ಷೆಯೂ ಹಿಡಿಯುವುದಿಲ್ಲ! ಮೊಡವೆ ಕೆಲವರಿಗೆ ಜಾಸ್ತಿಯಾಗುತ್ತದೆ, ಕೆಲವರಿಗೆ ಕಡಿಮೆಯಾಗುತ್ತದೆ. ತಲೆನೋವು, ಎದೆ ಬಿಗಿದ ಹಾಗೆ ನೋವು ಕೂಡ ಕೇಳಿಬರುವ ದೂರುಗಳೇ. ಮುಟ್ಟಿನ ಹೊಟ್ಟೆನೋವು ಇದ್ದ ಹೆಚ್ಚಿನವರಿಗೆ ಅದು ಕಡಿಮೆಯಾಗುತ್ತದೆ ಎನ್ನುವುದು ಲಾಭದ ಬದಿ.

ಎರಡು ವರ್ಷಕ್ಕೆ ತೆಗೆಸಿದರೂ ನಷ್ಟವಿಲ್ಲ. ತೆಗೆದ ಒಂದು ವಾರದೊಳಗೆ ಹಾರ್ಮೋನ್ ರಕ್ತದಿಂದ ಹೋಗಿಬಿಡುತ್ತದೆ. ಹೆಚ್ಚಿನವರಿಗೆ ತಿಂಗಳೊಳಗೇ ಅಂಡ ಬಿಡುಗಡೆ ಶುರು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ 'ಅಂತರ' ಇಂಜೆಕ್ಷನ್ನಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲೇ. ಇಂಜೆಕ್ಷನ್ ಬಿಟ್ಟ ಮೇಲೆ ಗರ್ಭ ನಿಲ್ಲಲು ತಿಂಗಳುಗಳು ತಡವಾಗಬಹುದು.

ನನಗೆ ಚಿಕ್ಕಂದಿನಿಂದ ಫಿಟ್ಸ್ ಉಂಟು. ಕಾರ್ಬಮಜೆಪಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಹಾಕಿಸಬಹುದಾ?
— ಕಾರ್ಕಳ

ಬೇಡ. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಇವು ಲಿವರಿನಲ್ಲಿ ಹಾರ್ಮೋನನ್ನು ಬೇಗ ಬೇಗ ಒಡೆದುಹಾಕುತ್ತವೆ. ಕಡ್ಡಿ ತೋಳಿನಲ್ಲಿ ಇರುತ್ತದೆ, ರಕ್ಷಣೆ ಇರುವುದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್, ಎಚ್‌ಐವಿಗೆ ಕೊಡುವ ಎಫವಿರೆಂಜ್ ಕೂಡ ಹೀಗೆಯೇ. ನಿಮಗೆ ಕಾಪರ್-ಟಿ ಒಳ್ಳೆಯದು, ಯಾವ ಮಾತ್ರೆಯೂ ಅದನ್ನು ಕೆಡಿಸುವುದಿಲ್ಲ. ಫಿಟ್ಸಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇದೇ ಜಾಗದಲ್ಲಿ ಹೇಳಿಬಿಡುತ್ತೇನೆ. ಸ್ತನ ಕ್ಯಾನ್ಸರ್ ಆದವರು, ಲಿವರ್ ತೀರಾ ಕೆಟ್ಟವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಕೂಡ ಈ ಕಡ್ಡಿ ಹಾಕಿಸಬಾರದು. ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ಹಿಡಿದುಕೊಂಡೇ ಡಾಕ್ಟರಲ್ಲಿ ಹೋಗಿ.

ಹಾಕಿಸಿ ಒಂದೂವರೆ ವರ್ಷ. ಆರು ತಿಂಗಳಿಂದ ಮನಸ್ಸು ಭಾರ. ಸುಮ್ನೆ ಅಳು ಬರುತ್ತದೆ, ಮಕ್ಕಳ ಮೇಲೆ ರೇಗುತ್ತೇನೆ. ತೆಗೆಯಿರಿ ಎಂದರೆ ಹಾಕಿದ ಕಡೆ "ಮೂರು ವರ್ಷ ಆಗಲಿ, ಕೊಟ್ಟ ಹಣ ಹಾಳು" ಎನ್ನುತ್ತಾರೆ. ತೆಗೆಯುವುದು ದೊಡ್ಡ ಆಪರೇಷನ್ ಎಂದೂ ಹೆದರಿಸಿದರು.
— ಮಂಗಳೂರು

ಹಣ ನಿಮ್ಮದು, ತೋಳೂ ನಿಮ್ಮದು. ಹಾಳಾದರೆ ಆಗಲಿ. ತೆಗೆಯಿರಿ ಎಂದು ನೀವು ಹೇಳಿದ್ದೇ ಸಾಕಾದ ಕಾರಣ. ಮನಸ್ಸಿನ ಏರಿಳಿತ ಈ ಕಡ್ಡಿಯ ಗೊತ್ತಿರುವ ಅಡ್ಡ ಪರಿಣಾಮಗಳ ಪಟ್ಟಿಯಲ್ಲೇ ಉಂಟು. ಎಲ್ಲರಿಗೂ ಬರುವುದಿಲ್ಲ. ನಿಮ್ಮದಕ್ಕೆ ಕಡ್ಡಿಯೇ ಕಾರಣವಾ ಅಥವಾ ಬೇರೆ ಏನಾದರೂ ಇದೆಯಾ ಎಂದು ಕಾಗದ ಓದಿ ಹೇಳಲಾರೆ. ಆರು ತಿಂಗಳಿಂದ ಅಳು ಬರುತ್ತಿದೆ ಎಂದರೆ ಕಡ್ಡಿ ತೆಗೆಸುವುದರ ಜೊತೆಗೆ ಮನೋವೈದ್ಯರನ್ನೂ ಒಮ್ಮೆ ಕಾಣಿ. ಬದುಕೇ ಬೇಡ ಎನ್ನುವಷ್ಟು ಅನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ದೊಡ್ಡ ಆಪರೇಷನ್ ಎನ್ನುವ ಹೆದರಿಕೆ ಹಳೆಯ ಕಡ್ಡಿಗಳ ಕಾಲದ್ದು. ನಾರ್‌ಪ್ಲಾಂಟ್ ಎಂದು ಒಂದಿತ್ತು. 1983ರಲ್ಲಿ ಫಿನ್‌ಲೆಂಡಿನಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು. ಅದರಲ್ಲಿ ಒಂದಲ್ಲ, ಆರು ಕಡ್ಡಿ, ಬೀಸಣಿಗೆಯಂತೆ ಹರಡಿ ಹಾಕಬೇಕಿತ್ತು. ತೆಗೆಯುವಾಗ ಆರನ್ನೂ ಹುಡುಕಬೇಕು. ಅಮೆರಿಕದಲ್ಲಿ ತೆಗೆಯುವ ಕಷ್ಟದ ಬಗ್ಗೆಯೇ ಎಷ್ಟೋ ಹೆಂಗಸರು ಕೋರ್ಟಿಗೆ ಹೋದರು. 2002ರ ಹೊತ್ತಿಗೆ ಅಲ್ಲಿ ಅದು ಮಾರುಕಟ್ಟೆಯಿಂದಲೇ ಹೋಯಿತು. ಈಗಿನದು ಒಂದೇ ಕಡ್ಡಿ. ಬೆರಳಿಟ್ಟು ಮೊಣಕೈ ಕಡೆಯ ತುದಿ ಎಲ್ಲಿ ಎಂದು ನೋಡುತ್ತೇವೆ, ಅಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತೇವೆ. ಎರಡು ಮೂರು ಮಿಲಿಮೀಟರ್ ಗಾಯ ಮಾಡಿ ಮೇಲಿನ ತುದಿ ಒತ್ತಿದರೆ ಕೆಳಗಿನ ತುದಿ ಹೊರಗೆ ಇಣುಕುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆದರೆ ಆಯಿತು, ಕೆಲವು ನಿಮಿಷದ ಕೆಲಸ.

ಬೆರಳಿಗೆ ಸಿಗದಿದ್ದರೆ ಮಾತ್ರ ಯಾರೂ ಕುರುಡಾಗಿ ಕೆದಕಬಾರದು. ಈಗಿನ ಕಡ್ಡಿಯಲ್ಲಿ ಬೇರಿಯಂ ಸಲ್ಫೇಟ್ ಇರುವುದರಿಂದ ಎಕ್ಸ್‌ರೇಯಲ್ಲಿ ಕಾಣುತ್ತದೆ, ಅಲ್ಟ್ರಾಸೌಂಡಿನಲ್ಲೂ ಹುಡುಕಬಹುದು. ಮೊದಲು ಜಾಗ ಗೊತ್ತಾಗಲಿ. ನಿಮ್ಮ ಹತ್ತಿರ ಹಾಕಿದ ದಿನದ ಕಾರ್ಡ್ ಇರಬೇಕು. ಅದನ್ನು ಹಿಡಿದು ಬೇರೆ ಆಸ್ಪತ್ರೆಗೆ ಹೋಗಿ. ಇನ್ನು ಹಾಕಿಸಲು ಹೊರಟವರಿಗೆ ಒಂದು ಮಾತು. "ಎಷ್ಟಾಗುತ್ತದೆ" ಎಂದು ಕೇಳುವ ಮೊದಲು "ತೆಗೆಯುವವರು ಯಾರು, ನಾನು ಹೇಳಿದ ದಿನ ತೆಗೆಯುತ್ತೀರಾ" ಎಂದು ಕೇಳಿ. ಉತ್ತರ ತಡವರಿಸಿದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ನಮಗೆ ಎರಡು ಮಕ್ಕಳು, ಇನ್ನು ಸಾಕು. ಹೆಂಡತಿಗೆ ಆಪರೇಷನ್ ಎಂದರೆ ಹೆದರಿಕೆ. ಹಾಗಾಗಿ ಅವಳಿಗೆ ಇಂಪ್ಲಾಂಟ್ ಹಾಕಿಸುವ ಎಂದಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾ?
— ಮೂಲ್ಕಿ

ಹಾಕಿಸುವ ಎಂದಿರುವುದು ನೀವು. ಅವರು ಏನೆಂದರು, ಬರೆಯಲಿಲ್ಲವಲ್ಲ! ಸರ್ಕಾರ ಇದನ್ನು ಕುಟುಂಬ ಯೋಜನೆಗೆ ಸೇರಿಸಿ ಆಯ್ದ ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಮೊದಲು ಶುರುಮಾಡಿತು. ನಿಮ್ಮ ಕಡೆ ಸಿಗುತ್ತದಾ ಎಂದು ಆಶಾ ಕಾರ್ಯಕರ್ತೆಯಲ್ಲಿ ಅಥವಾ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಅದಕ್ಕಿಂತ ಮೊದಲು ಇನ್ನೊಂದು ದಾರಿ ನೋಡಿ. ಮಕ್ಕಳು ಸಾಕು ಎಂದು ಇಬ್ಬರಿಗೂ ಖಚಿತವಿದ್ದರೆ ಗಂಡಸರ ಆಪರೇಷನ್ ಇದೆ. ಹೊಲಿಗೆ ಇಲ್ಲ, ಹೊಟ್ಟೆ ಕೊಯ್ಯುವುದಿಲ್ಲ, ಅದೇ ದಿನ ಮನೆಗೆ. ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಮುಗಿಯಿತು. ಗಂಡಸುತನಕ್ಕೂ ಅದಕ್ಕೂ ಸಂಬಂಧವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಹೆಂಗಸರ ಆಪರೇಷನ್ ನೆಚ್ಚಿಕೊಂಡ ದಂಪತಿ ನೂರರಲ್ಲಿ 37.9, ಗಂಡಸರ ಆಪರೇಷನ್ 0.3. ಹೆದರಿಕೆ ಯಾರಿಗೆ ಜಾಸ್ತಿ ಎಂದು ನೀವೇ ಹೇಳಿ.

ನಾನು ಮಲ್ಪೆಯಲ್ಲಿ ಮೀನು ಮಾರುವವಳು. ಮಗಳು ಬರೆಯುತ್ತಿದ್ದಾಳೆ. ಬುಟ್ಟಿ ಎತ್ತುವಾಗ ತೋಳಿನ ಕಡ್ಡಿ ತುಂಡಾಗುತ್ತದಾ? ಹೃದಯಕ್ಕೆ ಹೋಗುತ್ತದೆ ಎಂದು ಹೇಳುತ್ತಾರೆ.
— ಮಲ್ಪೆ

ಬುಟ್ಟಿ ಎತ್ತಿ, ಐಸಿನ ಪೆಟ್ಟಿಗೆ ಎಳೆಯಿರಿ, ತೊಂದರೆಯಿಲ್ಲ. ಕಡ್ಡಿ ಇರುವುದು ತೋಳಿನ ಒಳಬದಿ, ಚರ್ಮದ ಅಡಿಯಲ್ಲೇ, ನೀವು ಕಡಿಮೆ ಬಳಸುವ ಕೈಯಲ್ಲಿ. ಸ್ನಾಯುವಿನ ಒಳಗಲ್ಲ. ಬಗ್ಗುವ ಪ್ಲಾಸ್ಟಿಕ್ ಅದು, ತುಂಡಾಗುವುದು ತೀರಾ ಅಪರೂಪ. ಸರಿಯಾಗಿ ಹಾಕಿದ್ದು ಜಾರಿದರೆ ಒಂದೆರಡು ಸೆಂಟಿಮೀಟರ್ ಜಾರೀತು. ರಕ್ತನಾಳದೊಳಗೆ ಸೇರಿ ಶ್ವಾಸಕೋಶದ ಕಡೆ ಹೋದ ಪ್ರಕರಣಗಳು ಜಗತ್ತಿನಲ್ಲಿ ವರದಿಯಾಗಿವೆ, ಆದರೆ ತೀರಾ ಅಪರೂಪ. ಹೆಚ್ಚಾಗಿ ತೀರಾ ಆಳಕ್ಕೆ ಹಾಕಿದಾಗ ಹಾಗಾಗುವುದು. ಅದಕ್ಕೇ ಹಾಕಿದ ಕೂಡಲೇ ನೀವೇ ಬೆರಳಿಟ್ಟು ಮುಟ್ಟಿ ನೋಡಬೇಕು, ಎರಡೂ ತುದಿ ಸಿಗಬೇಕು. ಸಿಗದಿದ್ದರೆ ಆ ಕುರ್ಚಿಯಿಂದ ಏಳಬೇಡಿ. ಆಮೇಲೂ ತಿಂಗಳಿಗೊಮ್ಮೆ ಸ್ನಾನದ ಹೊತ್ತಿಗೆ ಮುಟ್ಟಿ ನೋಡಿಕೊಳ್ಳಿ.

ನಿಮ್ಮ ವಿಷಯದಲ್ಲಿ ನಾನು ಹೆದರುವುದು ಕಡ್ಡಿ ಹಾಕಿದ ಗಾಯಕ್ಕೆ. ಬಿಗಿ ಪಟ್ಟಿ ಒಂದು ದಿನ, ಸಣ್ಣ ಪಟ್ಟಿ ಮೂರರಿಂದ ಐದು ದಿನ ಒದ್ದೆಯಾಗಬಾರದು. ಮೀನಿನ ನೀರು ತೋಳಿನವರೆಗೆ ಇಳಿಯುವ ಕೆಲಸದಲ್ಲಿ ಅದು ಕಷ್ಟ. ಹೇಗೂ ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ನಿಮಗೂ ಕೆಲಸ ಕಡಿಮೆ ಇರುತ್ತದಲ್ಲ. ಆಗ ಮುಟ್ಟು ಬಂದ ಮೊದಲ ಐದು ದಿನದೊಳಗೆ ಬನ್ನಿ.